ಏಳನೇ ದೇಶದ ಗೆರೆ ಮತ್ತು ಸೀತಾರಾಮನ ಕಾರು

ಸೀತಾರಾಮ ಹಿಂದಿನ ಸಂಜೆ ಹ್ಯಾಂಡ್‌ಬ್ರೇಕ್ ಎಳೆಯದೇ ಇದ್ದಿದ್ದರೆ ಈ ರಾಮಾಯಣವೇ ಆಗುತ್ತಿರಲಿಲ್ಲ.

ಸಿಕಂದರಾಬಾದ್ ಬಳಿಯ ಉಪ್ಪಲ್‌ನಲ್ಲಿ ಅವನಿದ್ದ ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ ಎಂಟು ಕಾರಿನ ಜಾಗ, ನಿಲ್ಲುತ್ತಿದ್ದದ್ದು ಹದಿಮೂರು ಕಾರು. ಹಾಗಾಗಿ ಅಲ್ಲಿ ಬರೆಯದ ಕಾನೂನೊಂದಿತ್ತು. ಅಡ್ಡ ನಿಲ್ಲಿಸುವವರು ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಬಿಡಬೇಕು, ಹ್ಯಾಂಡ್‌ಬ್ರೇಕ್ ಹಾಕಬಾರದು, ಕೀಲಿಯನ್ನು ವಾಚ್‌ಮನ್ ಮೌನಪ್ಪನ ಕೋಣೆಯ ಮೊಳೆಗೆ ತಗುಲಿಸಬೇಕು. ಬೆಳಿಗ್ಗೆ ಹೊರಡುವವರು ಅಡ್ಡ ನಿಂತ ಕಾರನ್ನು ಎಮ್ಮೆಯಂತೆ ಪಕ್ಕಕ್ಕೆ ತಳ್ಳಿ ಹೋಗುತ್ತಿದ್ದರು. ಆರು ವರ್ಷದಿಂದ ಯಾರ ಕಾರೂ ಕಳವಾಗಿರಲಿಲ್ಲ.

ಆದರೆ ಸೀತಾರಾಮನ ತಲೆಯೊಳಗೆ ಕಳ್ಳರು ಹೊಕ್ಕಿದ್ದರು. ಮೈಸೂರಿನ ಈ ಸಾಧು ಪ್ರಾಣಿ, ವಿಮಾ ಕಂಪನಿಗಳಿಗೆ ಅಂಕಿಅಂಶ ಒದಗಿಸುವ ಆಫೀಸಿನಲ್ಲಿ ಕೆಲಸಕ್ಕಿದ್ದ. ಹನ್ನೆರಡು ದೇಶಗಳಲ್ಲಿ ಮೂವತ್ತು ವರ್ಷ ಎಷ್ಟೆಷ್ಟು ಕಾರು ಕಳವಾದವು ಎಂಬುದೇ ಮೂರು ತಿಂಗಳಿಂದ ಅವನ ಜಪ. ಎಂಜಿನ್ನಿಗೆ ಗುಪ್ತ ಬೀಗ ಬಂದ ಮೇಲೆ ಕಳವು ಇಳಿದದ್ದು, ಕೀಲಿ ತಿರುಗಿಸುವುದೇ ಬೇಡದ ಕಾರು ಬಂದ ಮೇಲೆ ಅಲ್ಲಲ್ಲಿ ಮತ್ತೆ ಏರಿದ್ದು, ಎಲ್ಲಾ ಬಾಯಿಪಾಠ. ಬಗೆಹರಿಯದೆ ಉಳಿದದ್ದು ಒಂದೇ. ಗುಟ್ಟು ಕಾಯಲೆಂದು ಗಿರಾಕಿಗಳು ದೇಶಗಳಿಗೆ ಹೆಸರಿನ ಬದಲು ನಂಬರು ಕೊಟ್ಟಿದ್ದರು. ಗ್ರಾಫಿನಲ್ಲಿ ಏಳನೇ ದೇಶದ ಗೆರೆ ಒಂದೇ ವರ್ಷದಲ್ಲಿ ಬಾವಿಗೆ ಬಿದ್ದ ಕೊಡದ ಹಾಗೆ ಧೊಪ್ಪನೆ ಇಳಿದಿತ್ತು. ಯಾಕೆ?

"ನಾಳೆ ಹನ್ನೊಂದಕ್ಕೆ ಸಿಂಗಾಪುರದ ಗಿರಾಕಿಗಳು ಕೇಳೋದೇ ಅದನ್ನ" ಎಂದಿದ್ದ ಮ್ಯಾನೇಜರ್ ಭರತ. "ಉತ್ತರ ಇಲ್ಲದಿದ್ರೆ ನಿಮ್ಮನ್ನ ಟ್ರ್ಯಾಕ್ಟರ್ ವಿಭಾಗಕ್ಕೆ ಹಾಕ್ತೀನಿ."

ಟ್ರ್ಯಾಕ್ಟರ್ ವಿಭಾಗವೆಂದರೆ ಕಿಟಕಿಯಿಲ್ಲದ ಕೋಣೆ. ಅಲ್ಲಿಗೆ ಹೋದವರಿಗೆ ಬಡ್ತಿ ಬಂದದ್ದನ್ನು ಕಂಡವರಿಲ್ಲ. ಆ ಹೆದರಿಕೆಯ ಜೊತೆಗೆ ಕಳ್ಳರ ಹೆದರಿಕೆಯೂ ಸೇರಿ, ಸೀತಾರಾಮ ಅಡ್ಡ ನಿಲ್ಲಿಸಿದ ಕಾರನ್ನು ಗೇರಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಕೀಲಿಯನ್ನು ದಿಂಬಿನಡಿ ಇಟ್ಟುಕೊಂಡು ಮಲಗಿಬಿಟ್ಟ. ಬೆಳಿಗ್ಗೆ ಏಳಕ್ಕೆ ಇಳಿದು ನೋಡಿದರೆ ಕಾರೇ ಇಲ್ಲ.

"ಮೌನಪ್ಪಾ! ನನ್ನ ಕಾರೆಲ್ಲಿ?"

"ನಾ ನೀರಿನ ಟ್ಯಾಂಕರ್ ಕರಿಯಾಕ ಹೋಗಿದ್ನಿರಿ" ಎಂದು ಯಾದಗಿರಿ ಕಡೆಯ ಮೌನಪ್ಪ ತಲೆ ಕೆರೆದುಕೊಂಡ. "ಕೀಲಿ ನಿಮ್ಮ ಹತ್ರಾನ ಐತಲ್ರಿ ಸರ. ಕೀಲಿ ಇಲ್ದ ಕಾರ್ ಹೆಂಗ ಹೋಗತೈತಿ?"

"ನಾ ನೋಡೀನ್ರಿ!" ಎಂಬ ದನಿ ಬಂತು. ಮೊದಲ ಮಹಡಿಯ ಯಮುನಾಬಾಯಿ ಹಿತ್ತಲಲ್ಲಿ ನೀಲಿ ತಾಡಪತ್ರಿಯ ಗುಡ್ಡೆಯ ಮೇಲೆ ಮೆಣಸಿನಕಾಯಿ ಹರವಿ, ಕೈ ಒರೆಸಿಕೊಳ್ಳುತ್ತ ಬಂದಿದ್ದರು. "ಐದೂವರಿಗೆ ಕಿಡಕ್ಯಾಗಿಂದ ನೋಡೀನಿ. ಎಂಟ್ ಮಂದಿ ಗಟ್ಟಿ ಹುಡುಗೂರು ನಿಮ್ಮ ಕಾರ್ ಹೊತ್ಕೊಂಡು ಹೊಂಟಿದ್ರು. ಪಲ್ಲಕ್ಕಿ ಹೊತ್ತಂಗ!"

"ನೀವು ಕೂಗಲಿಲ್ವಾ?"

"ಚಷ್ಮಾ ಹಾಕಿರಲಿಲ್ರಿ. ದೇವರು ಕನಸಿನಾಗ ಬಂದಾನ ಅಂತ ಕೈ ಮುಗದು ಮಲಗಿದೆ."

ಅಷ್ಟರಲ್ಲಿ ಅಪಾರ್ಟ್‌ಮೆಂಟೇ ನೆರೆಯಿತು. ಒಬ್ಬರು ಕೆರೆಯಲ್ಲಿ ಹುಡುಕಿ ಅಂದರು, ಇನ್ನೊಬ್ಬರು ಜ್ಯೋತಿಷಿಯ ನಂಬರು ಕೊಟ್ಟರು. ಸಂಘದ ಕಾರ್ಯದರ್ಶಿ ರಾಘವೇಂದ್ರನನ್ನು ಕೇಳೋಣವೆಂದರೆ, ಅವನು ರಾಯಚೂರಿಗೆಂದು ನಸುಕಿನಲ್ಲೇ ಸಿಕಂದರಾಬಾದ್ ಸ್ಟೇಷನ್ನಿಗೆ ಹೋಗಿದ್ದ. ಫೋನು ಹತ್ತಲಿಲ್ಲ. ಸೀತಾರಾಮ ಠಾಣೆಗೆ ಓಡಿದ. ಅಲ್ಲಿನ ಎಸ್ಸೈ, "ಎಂಟು ಮಂದಿ ಎತ್ತಿಕೊಂಡು ಹೋಗೋದಕ್ಕೆ ಅದೇನು ಕಾರೋ ಮದುಮಗಳೋ?" ಎಂದು ನಕ್ಕರೂ ದೂರು ಬರೆದುಕೊಂಡ.

ಹನ್ನೊಂದಕ್ಕೆ ಪರದೆಯ ಮೇಲೆ ಸಿಂಗಾಪುರದ ನಾಲ್ಕು ಮುಖಗಳು ಕಾಣಿಸಿದವು. ಮೊದಲ ಪ್ರಶ್ನೆಯೇ ಏಳನೇ ದೇಶದ್ದು. ಸೀತಾರಾಮ ದಾರಿ ಕಾಣದೆ, "ಕ್ಷಮಿಸಿ, ಇವತ್ತು ನನ್ನ ಕಾರೇ ಕಳವಾಯಿತು" ಎಂದುಬಿಟ್ಟ. ಒಮ್ಮೆ ಬಾಯಿ ಬಿಟ್ಟ ಮೇಲೆ ಮಾತು ತಾನೇ ಓಡಿತು. ಹನ್ನೆರಡು ದೇಶದ ಕಳ್ಳರಿಗೂ ಕೀಲಿಯೋ ಯಂತ್ರವೋ ಬೇಕು, ನಮ್ಮವರಿಗೆ ಹೆಗಲೊಂದಿದ್ದರೆ ಸಾಕು ಎಂದ. ಮೂರು ತಿಂಗಳು ತೂಕಡಿಸಿದ ಮುಖಗಳು ಮೊದಲ ಸಲ ಎಚ್ಚೆತ್ತವು. ಏಳನೇ ದೇಶವನ್ನು ಮರೆತೇಬಿಟ್ಟ ಅವರು ಭಾರತವನ್ನು ಹದಿಮೂರನೇ ದೇಶವಾಗಿ ಸೇರಿಸಿ, ಅದಕ್ಕೆ ಸೀತಾರಾಮನನ್ನೇ ಮುಖ್ಯಸ್ಥನನ್ನಾಗಿ ಮಾಡಿ ಎಂದರು. ಭರತ ಬೆನ್ನು ತಟ್ಟಿದ. ಕಾರು ಹೋದರೆ ಹೋಯಿತು, ಕಿಟಕಿ ಉಳಿಯಿತಲ್ಲ ಎಂದು ಸೀತಾರಾಮ ಹಿಗ್ಗಿದ.

ಮೂರು ಗಂಟೆಗೆ ರಾಘವೇಂದ್ರನ ಫೋನು ಬಂತು.

"ಏನ್ರಿ ಸೀತಾರಾಮ್, ಹ್ಯಾಂಡ್‌ಬ್ರೇಕ್ ಯಾಕ ಹಾಕಿದ್ರಿ? ನನ್ನ ಗಾಡಿಗೆ ಅಡ್ಡ ಇಟ್ಟು, ಟ್ರೇನ್ ತಪ್ಪಸ್ತಿದ್ರಿ! ಸ್ಲ್ಯಾಬ್ ಕೆಲಸಕ್ಕ ಲಾರಿ ಕಾಯಾಕತ್ತಿದ್ದ ನಮ್ಮ ಕಡೆ ಹುಡುಗೂರ್ನ ಕರದು, ಎತ್ತಿಸಿ ಹಿತ್ತಲದಾಗ ಇಡಿಸೀನಿ. ಧೂಳ ಬೀಳಬಾರ್ದಂತ ತಾಡಪತ್ರಿ ಸೈತ ಹೊಚ್ಚೀವಿ. ಭಾಳ ಕಾಳಜಿ ಮಾಡೀವ್ರಿ."

ಸೀತಾರಾಮ ಆಟೋ ಹಿಡಿದು ಬಂದು, ಹಿತ್ತಲಿಗೆ ನುಗ್ಗಿ ತಾಡಪತ್ರಿ ಎಳೆದ. ಮೆಣಸಿನಕಾಯಿ ಎಲ್ಲಾ ಮಣ್ಣುಪಾಲಾಯಿತು, ಕೆಳಗೆ ಕಾರು ನಗುತ್ತಿತ್ತು. ಅವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಸುಳ್ಳು ಹೇಳಿ ಜೀರ್ಣಿಸಿಕೊಳ್ಳುವ ಜಾಯಮಾನ ಅವನದಲ್ಲ. ಠಾಣೆಗೆ ಹೋಗಿ ದೂರು ವಾಪಸು ಪಡೆದು ಬೈಸಿಕೊಂಡ. ಭರತನಿಗೂ ಫೋನು ಮಾಡಿ ನಿಜ ಹೇಳಿದ.

"ಹಾಗಾದ್ರೆ ಹದಿಮೂರನೇ ದೇಶ ಹೋಯ್ತು" ಎಂದ ಭರತ. "ರಾತ್ರಿ ಎಂಟರೊಳಗೆ ಏಳನೇ ದೇಶದ ಉತ್ತರ ಕೊಡಿ. ಇಲ್ಲದಿದ್ರೆ ಗೊತ್ತಲ್ಲ?"

ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಅವನನ್ನು ಮುತ್ತಿಕೊಂಡರು. "ಆರ್ ವರ್ಷದ ಪದ್ಧತಿ ಮುರದ್ರಿ" ಎಂದರು ಯಮುನಾಬಾಯಿ. "ಮ್ಯಾಲ ನನ್ನ ಮೆಣಸಿನಕಾಯಿ ಬ್ಯಾರೆ. ಬೇಗಂ ಬಜಾರ್‌ನಿಂದ ಬ್ಯಾಡಗಿನ ತರ್ಬೇಕು. ಇವತ್ತಽ!" ಸೀತಾರಾಮ ತಪ್ಪೊಪ್ಪಿಕೊಂಡ. ಕಾರನ್ನು ಸೆಲ್ಲಾರಿಗೆ ತಂದು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಇಳಿಸಿ, ಕೀಲಿಯನ್ನು ಎಲ್ಲರೆದುರು ಮೊಳೆಗೆ ತಗುಲಿಸಿದ. "ಮೌನಪ್ಪ, ಇನ್ಮೇಲೆ ಯಾರು ಕೇಳಿದ್ರೂ ಕೊಟ್ಬಿಡು" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮುಖ ತೊಳೆದು ಕಾಫಿ ಕುಡಿದು, ಮೆಣಸಿನಕಾಯಿ ತರಲೆಂದು ಸಂಜೆ ಏಳಕ್ಕೆ ಇಳಿದ. ಕಾರಿರಲಿಲ್ಲ.

"ಯಾರೋ ತಳ್ಳಿರ್ತಾರ, ಹಿತ್ತಲದಾಗ ನೋಡ್ರಿ" ಎಂದು ಎಲ್ಲರೂ ನಕ್ಕರು. ಹಿತ್ತಲಲ್ಲಿ ಇರಲಿಲ್ಲ. ಗೇಟಿನಾಚೆಯೂ ಇರಲಿಲ್ಲ.

"ಇಸ್ತ್ರಿ ಅಂಗಿ ಸಾಹೇಬ್ರು ಒಬ್ರು ಬಂದಿದ್ರಿ" ಎಂದ ಮೌನಪ್ಪ. "ಕೊರಳಾಗ ಕಂಪನಿ ಪಟ್ಟಿ. 'ನನ್ನ ಗಾಡಿಗೆ ಅಡ್ಡ ಐತಿ, ಸರಸ್ತೀನಿ' ಅಂದ್ರು. ನೀವಽ ಹೇಳಿದ್ರಲ್ರಿ, ಕೀಲಿ ಕೊಟ್ನಿ. ಸರಸ್ತಾ ಸರಸ್ತಾ ಹೊರಗ ಹೋದ್ರು. ಗೇಟ್ ನಾನಽ ತಗದೆ."

ಸಾಕ್ಷಿಗೆ ಮೌನಪ್ಪನನ್ನೂ ಎಳೆದುಕೊಂಡು ಸೀತಾರಾಮ ಠಾಣೆಗೆ ಓಡಿದ. ಎಸ್ಸೈ ಅವನನ್ನು ಕಂಡೊಡನೆ ಪೆನ್ನಿನ ಮುಚ್ಚಳ ಹಾಕಿಬಿಟ್ಟ.

"ಏಂಟಿ ಸಾರ್, ಮಳ್ಳೀನಾ? ಮತ್ತೆ ಬಂದಿರಾ? ದಿನಕ್ಕೆ ಎರಡು ಸಲವಾ? ಹೋಗಿ ಮೆಣಸಿನಕಾಯಿ ಕೆಳಗೆ ನೋಡಿ. ಸಿಗದಿದ್ದರೆ ಬರುವ ವಾರ ಬನ್ನಿ. ಇಂಥದ್ದೆಲ್ಲ ಬರೆದುಕೊಂಡರೆ ನನ್ನ ಠಾಣೆಯ ಲೆಕ್ಕ ಸುಮ್ಮನೆ ಏರುತ್ತದೆ."

ಮೆಟ್ಟಿಲಿಳಿಯುತ್ತಿದ್ದ ಸೀತಾರಾಮ ಅಲ್ಲೇ ನಿಂತುಬಿಟ್ಟ. ಲೆಕ್ಕ ಏರುತ್ತದೆ! ಕಾರು ಹೋದ ದುಃಖದಲ್ಲೂ ಅವನ ಮುಖ ಅರಳಿತು. ಎಂಟಕ್ಕೆ ಇನ್ನೂ ಐದು ನಿಮಿಷವಿತ್ತು. ಭರತನಿಗೆ ಫೋನು ಹಚ್ಚಿದ.

"ಸಾರ್, ಏಳನೇ ದೇಶದ ಉತ್ತರ ಸಿಕ್ತು! ಅಲ್ಲಿ ಕಳವು ಇಳಿದಿರಲಿಲ್ಲ ಸಾರ್, ದೂರು ಬರೆದುಕೊಳ್ಳೋದನ್ನ ಇಳಿಸಿದ್ರು!"

"ಅರೆ, ಇದು ಭಲೇ ಇದೆ! ಪುರಾವೆ ಏನಿದೆ?"

"ನನ್ನ ಕಾರೇ ಪುರಾವೆ ಸಾರ್. ಈಗ ತಾನೇ ಕಳವಾಯ್ತು. ಇವರು ಬರೆದುಕೊಳ್ತಾನೇ ಇಲ್ಲ!"

ಭರತ ದೀರ್ಘವಾಗಿ ಉಸಿರು ಬಿಟ್ಟ. "ಈ ಸಲ ಎಷ್ಟು ಜನ ಹೊತ್ಕೊಂಡು ಹೋದ್ರು ಸೀತಾರಾಮ್? ಹದಿನಾರಾ? ನಾಳೆಯಿಂದ ಟ್ರ್ಯಾಕ್ಟರ್ ವಿಭಾಗಕ್ಕೆ ಹೋಗಿ."

ಸೀತಾರಾಮ ಠಾಣೆಯ ಮೆಟ್ಟಿಲ ಮೇಲೆ ಕುಸಿದು ಕೂತ. ಎಲ್ಲವನ್ನೂ ಕೇಳಿಸಿಕೊಂಡ ಮೌನಪ್ಪ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಸಮಾಧಾನ ಹೇಳಿದ.

"ಟ್ರ್ಯಾಕ್ಟರ್ ಛಲೋ ಬಿಡ್ರಿ ಸರ. ಎಂಟ್ ಮಂದಿ ಕೈಲೆ ಏಳೂದಿಲ್ಲ."

ಯಮುನಾಬಾಯಿಯ ಮೆಣಸಿನಕಾಯಿ ಇನ್ನೂ ತರುವುದಿತ್ತು. ಇಬ್ಬರೂ ಎದ್ದು ಬೇಗಂ ಬಜಾರಿನ ಬಸ್ಸು ಹಿಡಿಯಲು ನಡೆದರು.