ಎನಾಕ್ ಸಗ್ಡನ್ ಕಲ್ಲಿದ್ದಲು ಇಳಿಸಿದ ಶನಿವಾರ

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಎನಾಕ್ ಸಗ್ಡನ್ ಒಮ್ಮೆ ಕೆಮ್ಮಿದ. ಅನರ್ಥಕ್ಕೆ ಅಷ್ಟು ಸಾಕಾಯಿತು.

ಅವನು ನಮ್ಮ ಊರಿನ ರಗ್ಬಿ ತಂಡದ ಹಾಫ್‌ಬ್ಯಾಕ್. ದಡೂತಿ ಆಟಗಾರರ ಕಾಲುಗಳ ನಡುವಿನಿಂದ ಚೆಂಡನ್ನು ಹೆಕ್ಕಿ ಓಡುವ ಗಿಡ್ಡ ಆಸಾಮಿ. ಅಂದು ಮೂರು ಗಂಟೆಯ ಪಂದ್ಯಕ್ಕೆ ಯಾರ್ಕ್‌ಶೈರ್ ಪ್ರಾಂತ್ಯದ ತಂಡದ ಆಯ್ಕೆಗಾರರು ಅವನನ್ನೇ ನೋಡಲು ಬರುವವರಿದ್ದರು. ಮೂವತ್ತೊಂದು ದಾಟಿದವನಿಗಾಗಿ ಅವರು ಮತ್ತೊಮ್ಮೆ ಬರುವ ಸಂಭವವಿರಲಿಲ್ಲ.

ಆದರೆ ರಗ್ಬಿ ಒಕ್ಕೂಟದ ನಿಯಮ ಸ್ಪಷ್ಟವಾಗಿತ್ತು: ಆಟವೇ ಕಸುಬಾಗಿರುವವನಿಗೆ ಮೈದಾನದಲ್ಲಿ ಜಾಗವಿಲ್ಲ, ಬೇರೊಂದು ನಿಜವಾದ ಕೆಲಸವನ್ನು ನಿಜವಾಗಿ ಮಾಡುವವನು ಮಾತ್ರ ಆಡಬಹುದು. ಆದ್ದರಿಂದ ಎನಾಕ್ ಕಲ್ಲಿದ್ದಲು ವ್ಯಾಪಾರಿ ಬ್ರಾಡ್‌ಬೆಂಟನ ಅಂಗಳದಲ್ಲಿ ಗಾಡಿಗಳಿಂದ ಕಲ್ಲಿದ್ದಲು ಇಳಿಸುತ್ತಿದ್ದ.

ಕೆಮ್ಮು ಕೇಳಿ ಅಂಗಳದ ಪಕ್ಕದ ಮನೆಯ ಕೆಜಾಯಾ ಹೋಲ್‌ರಾಯ್ಡ್ ಗೋಡೆಯಾಚೆಯಿಂದ ಕೂಗಿದಳು: "ಲೋ, ಪಂದ್ಯದ ದಿನ ಕೆಮ್ತೀಯಾ? ಇಡೋ ಸಲಿಕೆ ಕೆಳಗೆ!"

"ಬರೀ ಧೂಳು, ಅತ್ತೆ."

"ಅದನ್ನ ಹೇಳೋಕೆ ನೀನ್ಯಾರು? ಆ ಗಂಟಲು ಊರಿಗೆ ಸೇರಿದ್ದು!"

ಹತ್ತೇ ನಿಮಿಷದಲ್ಲಿ ಕ್ಷೌರಿಕ, ಬ್ರೆಡ್ಡಿನವ, ಚರ್ಚಿನ ಆರ್ಗನ್ ವಾದಕ ಮೂವರೂ ಸಲಿಕೆ ಹಿಡಿದು ಬಂದರು. ವಾದಕ ಒಂದೊಂದು ಕಲ್ಲಿದ್ದಲನ್ನೂ ಕೋಳಿಮೊಟ್ಟೆಯಂತೆ ಎತ್ತಿಡುತ್ತಿದ್ದ. ಎನಾಕನನ್ನು ಬೋರಲು ಹಾಕಿದ ಬಕೆಟ್ ಮೇಲೆ ಕೂರಿಸಿ, ಶಾಲು ಹೊದಿಸಿ, ಕೈಗೆ ಟೀ ಕೊಡಲಾಯಿತು.

ಒಂಬತ್ತಕ್ಕೆ ಒಕ್ಕೂಟದ ತನಿಖಾಧಿಕಾರಿ ಜ್ಯಾಗರ್ ಬಂದ. "ಇಲ್ಲಿ ಕೆಲಸ ಮಾಡೋ ಸಗ್ಡನ್ ಯಾರು?"

ಕೆಜಾಯಾ ಹೆಮ್ಮೆಯಿಂದ ತೋರಿಸಿದಳು: "ಅಗೋ, ಶಾಲು ಹೊದ್ದು ಟೀ ಕುಡೀತಿದಾನಲ್ಲ, ಅವನೇ!"

ಜ್ಯಾಗರ್ ಪೆನ್ಸಿಲ್ ಹೊರತೆಗೆದ. ಎನಾಕ್ ಹಾರಿ ನಿಂತ.

"ಸ್ವಾಮಿ, ಬರ್ಕೋಬೇಡಿ! ಒಂದ್ಸಲ ನನ್ನ ಕೆಲಸ ನೋಡಿ!"

ಜ್ಯಾಗರ್ ಗಡಿಯಾರ ಹಿಡಿದು ನಿಂತ. ಎನಾಕ್ ಮಧ್ಯಾಹ್ನದೊಳಗೆ ಮೂರು ಗಾಡಿಗಳನ್ನು ಒಬ್ಬನೇ ಖಾಲಿ ಮಾಡಿದ. ಅಧಿಕಾರಿ ಗಂಭೀರವಾಗಿ ಚೀಟಿಗೆ ಸಹಿ ಹಾಕಿದ: ನಿಜವಾದ ಕೆಲಸಗಾರ.

ಎನಾಕ್ ಗೇಟಿನತ್ತ ಓಡಿದಾಗ, ಕಿಟಕಿಯಿಂದ ಎಲ್ಲವನ್ನೂ ನೋಡಿದ್ದ ಬ್ರಾಡ್‌ಬೆಂಟ್ ಅಡ್ಡ ನಿಂತ.

"ಎಲ್ಲಿಗಪ್ಪಾ?"

"ಪಂದ್ಯಕ್ಕೆ, ಧಣಿ. ಶನಿವಾರ ಹನ್ನೆರಡಕ್ಕೇ ಬಿಡ್ತೀರಲ್ಲ?"

"ನೀನು ಇದ್ರೂ ಒಂದೇ, ಇಲ್ದಿದ್ರೂ ಒಂದೇ ಅಂತ ಬಿಡ್ತಿದ್ದೆ ಮಾರಾಯಾ! ಇಂಥ ಆಳನ್ನ ಇನ್ನು ಬಿಡ್ತೀನಾ? ಐದು ಗಾಡಿ ದಾರೀಲಿವೆ. ಆರು ಗಂಟೆ ತನಕ ಇರು."

ಎನಾಕ್ ದೀನನಾಗಿ ಜ್ಯಾಗರನನ್ನು ನೋಡಿದ. ಆತ ಮರುಕದಿಂದಲೇ ಆಗದೆಂದು ತಲೆಯಾಡಿಸಿದ.

"ನಿಜವಾದ ಕೆಲಸಗಾರ ಅರ್ಧಕ್ಕೆ ಬಿಟ್ಟು ಹೋಗಲ್ಲ, ಸಗ್ಡನ್. ಹೋದ್ರೆ ಈ ಚೀಟಿ ಹರೀಬೇಕಾಗುತ್ತೆ."

ನೆರೆಯವರು ಸಲಿಕೆಗಳನ್ನು ಗೋಡೆಗೆ ಒರಗಿಸಿ ಮೈದಾನದ ಕಡೆ ಹೊರಟರು.

"ಬೇಜಾರು ಮಾಡ್ಕೋಬೇಡ ಮಗಾ," ಎಂದಳು ಕೆಜಾಯಾ, "ಬೇಗ ಮುಗಿಸ್ಕೊಂಡು ಬಾ. ಮೈದಾನದ ಹಗ್ಗದ ಪಕ್ಕದಲ್ಲೇ ನಿಂತು ನೋಡೋಕೆ ನಿಂಗೊಂದು ಜಾಗ ಹಿಡಿದಿರ್ತೀವಿ. ಪಂದ್ಯ ಚೆನ್ನಾಗಿ ಕಾಣುತ್ತೆ."