ಕುದುರೆಗೂ ಸುಳಿ ನೋಡಿದ ಭಾವ

ನೂರು ರೂಪಾಯಿಯ ಒಂದು ಜೂಜಿಗೆ ನಮ್ಮ ಭಾವನಿಗೆ ತಗುಲಿದ ಖರ್ಚು ನಾಲ್ಕು ಸಾವಿರದ ಎಂಟುನೂರು. ನಗಬೇಡಿ, ಅದರಲ್ಲಿ ಅರ್ಧ ನನ್ನ ಗಲ್ಲಾದಿಂದಲೇ ಹೋಯಿತು! ಒಂದು ಚೀಲದ ತುಂಬ ರೇಸಿನ ಪುಸ್ತಕಗಳು, ಮಾಲೂರಿನಲ್ಲಿ ಹಿಂದೆ ಜಟಕಾ ಓಡಿಸುತ್ತಿದ್ದ ಮುದುಕರೊಬ್ಬರನ್ನು ಕಂಡು ಬರಲು ಮೂರು ಸಲ ಬಸ್ ಚಾರ್ಜು, ಹೋದಾಗಲೆಲ್ಲ ಆ ಮುದುಕರಿಗೆ ಬಿರಿಯಾನಿ, ಮತ್ತೆ ಒಂದು ಸೆಕೆಂಡ್ ಹ್ಯಾಂಡ್ ದುರ್ಬೀನು. ದುರ್ಬೀನು ಕೊಂಡವರು ಯಾರು? ಎರಡು ಕಣ್ಣಿಗೂ ಪೊರೆ ಬಂದು, ಎದುರಿಗೆ ನಿಂತ ನನ್ನನ್ನೇ "ಯಾರಪ್ಪ ಅದು?" ಎಂದು ಕೇಳುತ್ತಿದ್ದ ಮನುಷ್ಯ!

ಭಾವ ಎಂದರೆ ನಮ್ಮಕ್ಕನ ಗಂಡ. ಊರು ಸುಗಟೂರು. ಸುತ್ತಲ ಹಳ್ಳಿಗಳಲ್ಲಿ ಯಾರು ಹಸು ಕೊಳ್ಳುವುದಿದ್ದರೂ ಇವರನ್ನು ಕರೆದುಕೊಂಡು ಹೋಗುತ್ತಾರೆ. ಇವರು ಹಲ್ಲು ಎಣಿಸಿ, ಮೈಮೇಲಿನ ಸುಳಿ ಹುಡುಕಿ, ಸಗಣಿ ನೋಡಿ, ಅದು ಯಾವ ಮಗ್ಗುಲಿಗೆ ಮಲಗುತ್ತದೆಂದು ತಿಳಿಯಲು ಮಾರುವವರ ಜಗಲಿಯಲ್ಲೇ ಒಂದು ಮಧ್ಯಾಹ್ನ ಕಳೆದು, ಕೊನೆಗೆ ಒಂದೇ ಮಾತು ಹೇಳುತ್ತಾರೆ: "ಯೋಚ್ನೆ ಮಾಡಣ." ಇವರ ಯೋಚನೆ ಮುಗಿಯುವ ಹೊತ್ತಿಗೆ ಆ ಹಸು ಇನ್ನೊಬ್ಬರ ಕೊಟ್ಟಿಗೆಯಲ್ಲಿ ಕರು ಹಾಕಿರುತ್ತದೆ!

ಹಸುವಿಗಾದರೆ ಸರಿ, ಕುಕ್ಕರಿಗೂ ಹೀಗೆ ಮಾಡಿದರೆ? ಮುಳಬಾಗಿಲಿನಲ್ಲಿ ನನ್ನದೊಂದು ಪಾತ್ರೆ ಅಂಗಡಿ. ತಲೆಯ ಮೇಲೆ ಬುಟ್ಟಿ ಹೊತ್ತು, ಹಳೇ ಬಟ್ಟೆಗೆ ಸ್ಟೀಲ್ ಲೋಟ ಕೊಡುತ್ತಾ ಶುರು ಮಾಡಿದವಳು ನಾನು. ಮೆಟ್ಟಿಲು ಹತ್ತುವ ಗಿರಾಕಿಯ ಕಾಲು ನೋಡಿಯೇ ಕೊಳ್ಳುತ್ತಾರೋ ಇಲ್ಲವೋ ಹೇಳಬಲ್ಲೆ. ನನಗೂ ಬಗ್ಗದ ಗಿರಾಕಿ ಎಂದರೆ ಭಾವ ಒಬ್ಬರೇ. ಒಂದು ಕುಕ್ಕರಿಗಾಗಿ ನಾಲ್ಕು ಸಲ ಬಂದರು. ಐದನೇ ಸಲ ಮನೆಯಿಂದ ಅಕ್ಕಿ ಕಟ್ಟಿಸಿಕೊಂಡು ಬಂದು, "ಇಲ್ಲೇ ಕೂಗ್ಸಿ ನೋಡಣಮ್ಮ" ಎಂದರು. ಕೂಗಿಸಿದೆ. ಉಂಡರು. ಕೈ ತೊಳೆದು, "ಅನ್ನ ಚೆನ್ನಾಗೈತೆ. ಕುಕ್ಕರ್ ವಿಷ್ಯ ಯೋಚ್ನೆ ಮಾಡಣ" ಎಂದು ಬಸ್ ಹತ್ತಿದರು!

ಇಂಥವರ ಕಣ್ಣಿಗೆ ಪೊರೆ ಬಂತು. ಕೋಲಾರದ ಡಾಕ್ಟರು ಬೇಗ ಆಪರೇಷನ್ ಮಾಡಿಸಿ, ತಡ ಮಾಡಿದಷ್ಟೂ ಕಷ್ಟ ಎಂದರು. ಭಾವ 'ಸ್ಟಡಿ' ಆರಂಭಿಸಿದರು. ಒಂದೂವರೆ ವರ್ಷ! ಪೊರೆ ತೆಗೆಸಿಕೊಂಡವರು ಎಲ್ಲಿದ್ದರೂ ಹುಡುಕಿ ಹೋಗಿ ವಿಚಾರಣೆ. ಹುತ್ತೂರಿನಲ್ಲಿ ಯಾರಿಗೋ ಆಪರೇಷನ್ ಆದಮೇಲೆ ಒಂದು ವಾರ ಕಣ್ಣಲ್ಲಿ ನೀರು ಸೋರಿತಂತೆ, ಆ ಆಸ್ಪತ್ರೆ ಬೇಡ. ಇನ್ನೊಂದು ಕಡೆ ಡಾಕ್ಟರೇ ಕನ್ನಡಕ ಹಾಕಿದ್ದಾರೆ, ಅದೂ ಬೇಡ!

ಹೀಗಿರುವಾಗ ಒಂದು ದಿನ ಭಾವ ಬಸ್ಸೆಂದುಕೊಂಡು ಲಾರಿಗೆ ಕೈ ಅಡ್ಡ ಹಿಡಿದು ರಸ್ತೆ ಮಧ್ಯೆಯೇ ನಿಂತರು. ಕೂದಲೆಳೆಯಲ್ಲಿ ತಪ್ಪಿತು. ಅಕ್ಕ ಅವತ್ತು ಊಟ ಮಾಡಲಿಲ್ಲವಂತೆ. ನನಗೆ ಫೋನ್ ಮಾಡಿ, "ಲೇ, ಊರವ್ರಿಗೆಲ್ಲ ವ್ಯಾಪಾರ ಕುದುರಿಸ್ತೀಯ, ನನಗೊಂದು ಕುದುರಿಸ್ಕೊಡೇ. ಈ ಮನುಷ್ಯನ್ನ ಹೆಂಗಾದ್ರೂ ಆಸ್ಪತ್ರೆಗೆ ಹತ್ತಿಸು" ಎಂದಳು.

ಮಾರನೆಯ ಬೆಳಗ್ಗೆಯೇ ಹೋದೆ.

"ಭಾವಾ, ನಿಮ್ ಸ್ಟಡಿ ಎಲ್ಲಾ ಹಸುಗಳ ಮುಂದಷ್ಟೇ ಬಿಡಿ."

"ಏನಂದೆ? ನಾಲ್ಕು ಕಾಲಿಂದು ಏನಾದ್ರೂ ತಗೊಂಬಾ, ನೋಡಿ ಹೇಳ್ತೀನಿ!"

"ರೇಸ್ ಕುದುರೆ?"

"ಅದಕ್ಕೇನ್ ಕೊಂಬೂ ಇಲ್ಲ. ಇನ್ನೂ ಸಲೀಸು!"

ಸಿಕ್ಕಿಬಿದ್ದರು. ಕರಾರು ಹೀಗೆ: ಸ್ಟಡಿ ಮಾಡಿ ಒಂದೇ ಒಂದು ಕುದುರೆ ಆರಿಸಬೇಕು. ಅದು ಗೆದ್ದರೆ ಒಂದು ವರ್ಷ ಯಾರೂ ಇವರ ಕಣ್ಣಿನ ಸುದ್ದಿ ಎತ್ತುವಂತಿಲ್ಲ. ಸೋತರೆ ಓಟ ಮುಗಿದ ಮೇಲೆ ಬರುವ ಸೋಮವಾರವೇ ಆಸ್ಪತ್ರೆ. ನಮ್ಮ ಕಡೆ ದನದ ವ್ಯಾಪಾರ ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಆಗುತ್ತದೆ. ಒತ್ತಿದ ಮೇಲೆ ಹಿಂದೆ ಸರಿಯುವಂತಿಲ್ಲ. ಭಾವ ಹೆಗಲ ಟವೆಲ್ ಹರಡಿದರು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು ಒಳಗೆ ಕೈಯಿಟ್ಟಳು.

"ಒತ್ತಿದ್ದೀನಿ ನೋಡ್ರೀ. ಆಮೇಲೆ ಯೋಚ್ನೆ ಮಾಡಣ ಅನ್ನಂಗಿಲ್ಲ."

"ಟವೆಲ್ ಕೆಳಗೆ ಕೊಟ್ಟ ಮಾತು ಯಾವತ್ತೂ ತಪ್ಪಿಲ್ಲ ಕಣೇ ನಾನು."

ಆರು ವಾರ ನಡೆಯಿತು ಕುದುರೆಗಳ ಅಧ್ಯಯನ. ಪುಸ್ತಕ ಓದಿ ಹೇಳುವ ಕೆಲಸ ನನ್ನದು. ಪ್ರತಿ ಕುದುರೆಗೂ ಅದರ ಅಪ್ಪ ಯಾರು, ಅವ್ವ ಯಾರು ಎಂದು ಅಚ್ಚಾಗಿರುತ್ತದೆ. ಭಾವ ಕಣ್ಣು ಮುಚ್ಚಿ ಕೇಳಿ, "ಇದರ ಅವ್ವ ಹೊತ್ತಿಗೆ ಎಷ್ಟು ಲೀಟರ್ ಕೊಡ್ತಿತ್ತು, ಬರ್ದಿಲ್ವಾ?" ಎನ್ನುವರು.

"ಕುದುರೆ ಹಾಲು ಯಾರೂ ಡೈರಿಗೆ ಹಾಕಲ್ಲ ಭಾವಾ."

"ಮುಖ್ಯವಾದ್ದೇ ಬಿಟ್ಟವ್ರಲ್ಲಮ್ಮ! ಇದೂ ಒಂದು ಪುಸ್ತಕಾನಾ?"

ಕೊನೆಗೆ, ನೋಡದೆ ಏನೂ ಹೇಳಲಾಗದು, ಸುಳಿ ನೋಡಲೇಬೇಕು ಎಂದರು. ಮೂವರೂ ಕೋಲಾರದಲ್ಲಿ ಬಸ್ ಹತ್ತಿ ಬೆಂಗಳೂರಿನ ರೇಸಿಗೆ ಹೋದೆವು. ಅಲ್ಲಿ ಓಟಕ್ಕೆ ಮುಂಚೆ ಕುದುರೆಗಳನ್ನು ಕಟಕಟೆಯ ಒಳಗೆ ಸುತ್ತು ಹಾಕಿಸುತ್ತಾರೆ. ಕಟಕಟೆಗೆ ಒರಗಿ ನಿಂತ ಭಾವನಿಗೆ ಕುದುರೆಗಳು ಕಂದು ಬಣ್ಣದ ಮೋಡದ ಹಾಗೆ ಕಂಡಿರಬೇಕು. ನಾನೇ ಕಣ್ಣು. "ಹಣೆ ಸುಳಿ ಎಲ್ಲೈತೆ? ಹಿಂಗಾಲು ಎತ್ತಿ ಇಡುತ್ತಾ, ಎಳೆದು ಇಡುತ್ತಾ? ಲದ್ದಿ ಹಾಕಿದ್ರೆ ತಕ್ಷಣ ಹೇಳು!" ಪಕ್ಕದಲ್ಲಿದ್ದ ಸೂಟಿನವರೊಬ್ಬರು ಎರಡು ಮಾರು ದೂರ ಸರಿದರು.

ಅಕ್ಕ ನನ್ನ ತೋಳು ಚಿವುಟಿದಳು. ನಾನೇನು ದಡ್ಡಿಯೇ? ಸಾಲಿನ ಕೊನೆಯಲ್ಲಿ ಏಳನೇ ನಂಬರಿನದೊಂದು ತಲೆ ಜೋಲು ಹಾಕಿ, ಕಾಲು ಎಳೆದುಕೊಂಡು ಬರುತ್ತಿತ್ತು. ಅದನ್ನು ಕೇಳುವವರೇ ಇಲ್ಲ. ಅಂಗಡಿಯಲ್ಲಿ ಮೂಲೆಗೆ ಬಿದ್ದ ಮಾಲನ್ನು ಹೊಗಳಿ ಸಾಗಿಸುವುದು ನನಗೆ ಹೇಳಿಕೊಡಬೇಕೇ? "ಭಾವಾ, ಏಳನೇದು ನೋಡಿ! ಹಣೆ ನಟ್ಟನಡುವೆ ಸುಳಿ. ನಡಿಗೆ ಅಂತೂ ಮದುವೆ ಹೆಣ್ಣಿನ ಥರ!" ಎಂದೆ. ಖುಷಿಯಾದರೆ ಭಾವನ ಬಾಯಲ್ಲಿ ತೆಲುಗು ಬರುತ್ತದೆ. "ಪದಮ್ಮಾ, ಪದ!" ನಡಿಯಮ್ಮ, ನಡಿ ಎಂದು ಕೌಂಟರಿಗೆ ನಡೆದು, ಜೀವನದಲ್ಲಿ ಮೊದಲ ಸಲ ಯೋಚನೆ ಮಾಡದೆ ನೂರು ರೂಪಾಯಿ ಕಟ್ಟಿಬಿಟ್ಟರು.

ಓಟ ಶುರುವಾಯಿತು. ಭಾವನ ದುರ್ಬೀನು ಕ್ಯಾಂಟೀನಿನ ಕಡೆ ತಿರುಗಿತ್ತು. ಆ ಏಳನೇ ನಂಬರು ಕೊನೆಯ ತಿರುವಿನವರೆಗೂ ಹಿಂದೆಯೇ ಇತ್ತು. ಆಮೇಲೆ ಅದಕ್ಕೆ ಏನು ನೆನಪಾಯಿತೋ! ಕಿವಿ ಹಿಂದಕ್ಕೆ ಮಡಿಸಿ, ಹೊರಗಡೆಯಿಂದ ಒಂದೊಂದನ್ನೇ ದಾಟಿ, ಎಲ್ಲಕ್ಕಿಂತ ಮುಂದೆ ಬಂದು ಗೆರೆ ಮುಟ್ಟಿತು. ನೂರಕ್ಕೆ ಸಾವಿರದ ಮುನ್ನೂರು! ವ್ಯಾಪಾರಸ್ಥೆಯಾದ ನನ್ನ ಎದೆ ಒಂದು ಕ್ಷಣ ಕುಣಿಯಿತು. ತಿರುಗಿ ನೋಡಿದರೆ ಅಕ್ಕನ ಮುಖದಲ್ಲಿ ರಕ್ತವೇ ಇಲ್ಲ. ಇನ್ನೊಂದು ವರ್ಷ, ಇನ್ನೆಷ್ಟು ಲಾರಿ?

"ಏನಾಯ್ತೇ? ಯಾವುದು ಬಂತು?" ಎಂದರು ಭಾವ.

ಅಕ್ಕ ಸುಳ್ಳು ಹೇಳಿದ್ದನ್ನು ನಾನು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಗಂಡನ ಕೈ ಹಿಡಿದುಕೊಂಡು, "ಸೋತೋಯ್ತು ಕಣ್ರೀ" ಎಂದಳು.

ಭಾವ ಜೇಬಿನಿಂದ ಟಿಕೆಟ್ ತೆಗೆದು, ನಾಲ್ಕು ಚೂರು ಮಾಡಿ ಗಾಳಿಗೆ ಬಿಟ್ಟರು. ಸಾವಿರದ ಮುನ್ನೂರು ನನ್ನ ಕಣ್ಣೆದುರೇ ಹಾರಿಹೋಯಿತು! "ಸರಿ. ಸೋಮವಾರ ಹೋಗಣ" ಎಂದರು.

ಬಸ್‌ಸ್ಟ್ಯಾಂಡಿನಲ್ಲಿ ಅಕ್ಕ ನೀರಿನ ಬಾಟಲಿ ತರಲು ಹೋದಾಗ ಭಾವ ನನ್ನ ಕಡೆ ಬಾಗಿದರು.

"ನಂಬರ್ ಸೆವೆನ್ ಅಂತ ಮೈಕಲ್ಲಿ ಕೂಗಿದ್ದು ನನಗೂ ಕೇಳಿಸ್ತಮ್ಮ."

"ಮತ್ತೆ ಟಿಕೆಟ್ ಯಾಕೆ ಹರಿದ್ರಿ ಭಾವಾ?"

"ಸುಳ್ಳು ಹೇಳ್ತಾನೂ ಅವಳು ನನ್ನ ಕೈ ಬಿಡ್ಲಿಲ್ಲ." ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೇಳಿದರು: "ಸ್ಟಡಿ ಎಲ್ಲಾ ಸುಳ್ಳಮ್ಮ. ನನಗೆ ಭಯ. ಈ ಮಂಜಲ್ಲೇ ಅವಳು ಅಡುಗೆಮನೆಯಿಂದ ಆಚೆ ಬರೋದು ಒಂಚೂರು ಕಾಣ್ತಿತ್ತು. ಕಣ್ಣಿಗೆ ಕತ್ತರಿ ಹಾಕ್ಸಿ ಅದೂ ಹೋಗ್ಬಿಟ್ರೆ ಅಂತ. ಅವಳಿಗೆ ಹೇಳ್ಬೇಡ."

ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ. ಅಕ್ಕ ಓದು ಬರಹ ಕಲಿತವಳಲ್ಲ, ಇದನ್ನು ಓದುವುದಿಲ್ಲವೆಂಬ ಧೈರ್ಯದಲ್ಲಿ ಬರೆದಿದ್ದೇನೆ. ಯಾರಾದರೂ ಓದಿ ಹೇಳೀರಿ, ಜೋಕೆ!

ಇನ್ನು ನಿಮಗೊಂದು ಬುದ್ಧಿಮಾತು. ನಿಮ್ಮ ಮನೆಯಲ್ಲೂ ಯಾರಾದರೂ ಆಸ್ಪತ್ರೆಗೆ ಹೋಗದೆ ವಿಚಾರಣೆ ಮಾಡುತ್ತಲೇ ಇದ್ದರೆ ಜಗಳ ಆಡಬೇಡಿ, ಏನು ಭಯ ಎಂದು ಪಕ್ಕ ಕೂತು ಕೇಳಿ. ಹೋಗುವಾಗ ಇಬ್ಬರು ಜೊತೆಗಿರಿ. ಫಾರಂ ತುಂಬಲು ಒಬ್ಬರು, ಕೈ ಹಿಡಿದುಕೊಳ್ಳಲು ಒಬ್ಬರು. ಮತ್ತೆ, ಕಣ್ಣಿನ ಪಟ್ಟಿ ಬಿಚ್ಚುವ ಹೊತ್ತಿಗೆ, ಅವತ್ತು ಭಾವನಿಗೆ ನಾನು ಮಾಡಿದ ಹಾಗೆ, ಮುಂದೆ ನುಗ್ಗಿ "ಇದು ಎಷ್ಟು ಬೆರಳು?" ಎಂದು ಕೇಳಬೇಡಿ. ಭಾವ ನನ್ನ ಬೆರಳು ದಾಟಿ, ಹಿಂದೆ ನಿಂತಿದ್ದ ಅಕ್ಕನನ್ನೇ ನೋಡುತ್ತಿದ್ದರು. ಪಕ್ಕಕ್ಕೆ ಸರಿದು ಅವರ ಮನೆಯಾಕೆಗೆ ಜಾಗ ಬಿಡಿ.