ಕಾಕಾನ ಫೋನಿನಾಗ ನನ್ನ ಚುಕ್ಕಿ

ನಮ್ಮ ಕಾಕಾನ ತಲಿ ಕೆಟ್ಟೈತಿ ಅಂತ ಇಳಕಲ್ಲದಾಗ ಅರ್ಧ ಮಂದಿ ಅಂತಾರ. ಉಳದ ಅರ್ಧ ಮಂದೀನೂ ಅಂತಿದ್ರು, ಈಗ ತಮ್ಮ ಗಾಡಿ ಎಲ್ಲಿ ಐತಿ ಅಂತ ಅವನ್ನ ಕೇಳಬೇಕಲಾ, ಅದಕ್ಕ ಬಾಯಿ ಮುಚ್ಚ್ಯಾರ!

ಕಾಕಾಂದು ಮೂರು ಗ್ರಾನೈಟ್ ಲಾರಿ, ಒಂದು ಟೆಂಪೊ. ಟೆಂಪೊ ಓಡಸಾಂವ ನಾ. ಒಂದಿನ ನಾಕೂ ಗಾಡಿಗೆ ಜಿಪಿಎಸ್ ಡಬ್ಬಿ ಕುಂಡ್ರಿಸಿದ. ಬೆಂಕಿಪೆಟ್ಟಿಗಿಯಷ್ಟ ಐತಿ. ಗಾಡಿ ಎಲ್ಲಿ ಹೋದ್ರೂ ಫೋನಿನಾಗ ಚುಕ್ಕಿ ಕಾಣತೈತಿ. ಮುಗೀತು! ಮಂದಿ ಕ್ರಿಕೆಟ್ ನೋಡ್ತಾರ, ಇಂವ ಚುಕ್ಕಿ ನೋಡ್ತಾನ. ಊಟಕ್ಕ ಕುಂತ್ರೂ ತಾಟಿನ ಮಗ್ಗಲಕ ಫೋನು. ಶೇಂಗಾ ಚಟ್ನಿ ಬಾಯಿಗಿಂತ ಫೋನ ಜಾಸ್ತಿ ತಿಂದೈತಿ.

"ಹುನಗುಂದದಾಗ ಯಾಕ ನಿಂತೀಪಾ?" ಅಂತ ಡ್ರೈವರಗ ಫೋನ್ ಹಚ್ಚಿದ.

"ಗಾಡಿ ಬಿಸಿ ಆಗಿತ್ರಿ ಸಾಹುಕಾರ್ರ."

"ಗಾಡಿ ಬಿಸಿ ಆಗಿತ್ತೋ, ಮಿರ್ಚಿ ಬಜಿ ಬಿಸಿ ಇತ್ತೋ?"

ಆ ಕಡೆಯಿಂದ ಅಗಿಯೂ ಸಪ್ಪಳಷ್ಟ ಬಂತು. ಬಾಯಿತುಂಬ ಬಜಿ ಇದ್ರ ಹ್ಯಾಂಗ ಮಾತಾಡ್ತಾನ?

ಒಮ್ಮೆ ಬ್ಯಾಸಗ್ಯಾಗ "ಲಾರಿ ಮುಳುಗ್ತಲೇ!" ಅಂತ ಕಾಕಾ ಒದರಿದ. ನೋಡಿದ್ನಿ. ಖರೇನ, ಹಳೇ ಬಾಗಲಕೋಟಿ ಹತ್ರ ಹಿನ್ನೀರಿನ ನಟ್ಟನಡಬರಕ ಚುಕ್ಕಿ ನಿಂತಿತ್ತು! ಕಾಕಾ ಡ್ರೈವರಗ ಫೋನ್ ಹಚ್ಚಿದ. "ಈಸಾಕ ಬರತೈತೇನಲೇ ನಿನಗ?"

"ಮುಳುಗಿದಾಂವ ಫೋನ್ ಎತ್ತತಾನೇನ್ರಿ? ಇಲ್ಲಿ ನೀರು ಇಳದು ಹಳೇ ರಸ್ತೆ ತೆರದೈತ್ರಿ, ಅದರ ಮ್ಯಾಲ ಅದೇನಿ. ನಿಮ್ಮ ಫೋನಿನಾಗ ಇನ್ನೂ ಮಳಿಗಾಲ!"

ನಗಬ್ಯಾಡ್ರಿ, ಫಾಯದೆ ಭಾಳ ಆಗೇತಿ. ಲಾರಿ ಊರ ಹತ್ರ ಬಂತಂದ್ರ ಪಾಲಿಶ್ ಫ್ಯಾಕ್ಟರ್ಯಾಗ ಕ್ರೇನ್ ತಯಾರ. ಕಾಕಾನ್ನ ನೋಡಿ ಹಾಲಿನ ಗಾಡಿಯವರೂ ಡಬ್ಬಿ ಹಾಕಿಸ್ಯಾರ; ಗಾಡಿ ಬಿಸಲಾಗ ಕೆಟ್ಟು ನಿಂತ್ರ, ಹಾಲು ಒಡಿಯೂದ್ರಾಗ ಬ್ಯಾರೆ ಗಾಡಿ ಕಳಸ್ತಾರ. ಸಾಲಿ ವ್ಯಾನಿನಾಂವನೂ ಡಬ್ಬಿ ಹಾಕಿಸಿ "ನೀವ ನೋಡ್ರಿ ಕಾಕಾ" ಅಂದ. ಈಗ ಓಣಿ ತಾಯಂದ್ರೆಲ್ಲಾ ಇವಂಗ ಫೋನ್ ಮಾಡ್ತಾರ.

"ಕಾಕಾರ, ವ್ಯಾನ್ ಎಲ್ಲಿ ಬಂತ್ರಿ?"

"ಪೆಟ್ರೋಲ್ ಬಂಕ್ ದಾಟೇತಿ. ಸಾರಿಗೆ ಒಗ್ಗರಣಿ ಹಾಕವಾ, ನಿನ್ನ ಮಗಾ ಬಂದ!"

ಎಲ್ಲಾರಿಗೂ ಫಾಯದೆ. ಸಿಕ್ಕೊಂಡಾಂವ ನಾ ಒಬ್ನ.

ನಾ ಗುಳೇದಗುಡ್ಡಕ್ಕ ನೂಲು ಒಯ್ತೇನಿ, ಕುಪ್ಪಸದ ಖಣ ತರ್ತೇನಿ. ಅಲ್ಲಿ ಒಬ್ರು ನೇಕಾರರ ಮನಿ. ಐದು ನಿಮಿಷದ ಕೆಲಸ. ಆದ್ರ ಅವರ ಮಗಳು ಖಣ ಮಡಚಿ ಕೊಡ್ತಾಳ, ಚಾ ಕೊಡ್ತಾಳ, ನನ್ನ ಅಂಗಿ ನೋಡಿ ನಗತಾಳ. ಅರ್ಧ ತಾಸು ಹ್ಯಾಂಗ ಹೊಕ್ಕೈತೋ! ಕಾಕಾ ಕೇಳಿದ್ರ ಪಂಚರ್ ಅಂತಿದ್ನಿ. ಮಂಗಳವಾರ ಪಂಚರ್. ಶನಿವಾರ ಪಂಚರ್. ಅದೂ ಅದ ಓಣಿಯಾಗ.

ಆ ಶನಿವಾರ ಆಕಿ ಚಾ ವಾಟಗ ಟಕ್ಕಂತ ಇಟ್ಲು. "ಸೋಮವಾರ ಬಾದಾಮಿಯಿಂದ ನೌಕರಿ ಹುಡುಗ ನೋಡಾಕ ಬರ್ತಾನ. ನಿಮ್ಮ ಕಾಕಾಗ ಹೇಳ್ತಿಯೋ, ಬಾದಾಮಿಗೆ ಹೋಗ್ಲೋ?"

ಹೇಳಾಕ ಎದಿ ಬೇಕಲಾ! ಅಪ್ಪ ಸತ್ತ ಮ್ಯಾಲ ಸಾಕಿದಾಂವ ಕಾಕಾ. ಅವನ ಮುಂದ ನನ್ನ ನಾಲಿಗಿ ಏಳೂದಿಲ್ಲ. ತಲಿ ಎತ್ತಿದ್ನಿ. ಬಾಗಲದಾಗ ಕಾಕಾ! ಬಸ್ ಹಿಡದು, ಚುಕ್ಕಿ ನೋಡ್ಕೊಂತ ಬಂದಿದ್ದ.

"ಇಲ್ಲಿ ಪಂಚರ್ ಅಂಗಡಿ ಎಲ್ಲೈತವಾ?"

"ಪಂಚರ್ ಅಂಗಡಿ ಇಲ್ರಿ, ಚಾ ಐತ್ರಿ" ಅಂದ್ಲು ಆಕಿ.

ಕಾಕಾ ಆಕಿನ್ನ ನೋಡಿದ, ನನ್ನ ನೋಡಿದ. ಬೈತಾನ ಅನ್ಕೊಂಡ್ನಿ. ಅಂವ ಸೀದಾ ಮಗ್ಗದ ಮುಂದಿದ್ದ ಆಕಿ ಅಪ್ಪನ ಬಾಜೂಕ ಕುಂತು ಫೋನ್ ತಗದ. "ನಮ್ಮ ಹುಡುಗಗ ನಿಮ್ಮ ಮಗಳನ್ನ ಕೊಡ್ರಿ. ಇದರಾಗ ಇಂವ ಎಲ್ಲೆಲ್ಲಿ ನಿಂತಾನ ಅಂತ ಎರಡು ತಿಂಗಳಿಂದು ಐತಿ. ಯಾವ ಬಾರಿನ ಮುಂದ ನಿಂತಾನ ತೋರಸ್ರಿ. ಇಸ್ಪೀಟಿನ ಅಡ್ಡಾ ತೋರಸ್ರಿ. ಎಲ್ಲೆರ ನಿಂತಿದ್ರ ನಿಮ್ಮ ಮನಿ ಮುಂದಷ್ಟ! ಬಾಗಲದಾಗ ಕಿವಿಗೆ ಬಿತ್ತು, ಆ ಬಾದಾಮಿ ಹುಡುಗಂದು ಇಂಥಾ ದಾಖಲಿ ಐತೇನ್ರಿ?"

ಆಕಿ ಅಪ್ಪ ಚಷ್ಮಾ ಏರಿಸಿ ನೋಡಿದ, ನಕ್ಕ. ಆಮ್ಯಾಲ ಸಪ್ಪಗಾದ. "ಹುಡುಗ ಚೊಲೊ ಅದಾನ್ರಿ. ಆದ್ರ ಗಾಡಿ ಓಡಸೋರು ಎಲ್ಲಿ ಅದಾರ, ಯಾವಾಗ ಬರ್ತಾರ ಗೊತ್ತಾಗೂದಿಲ್ಲ. ಮಗಳು ಬಾಗಲದಾಗ ನಿಂತು ಕಾಯಬೇಕು."

ಕಾಕಾನ ದನಿ ಇಳೀತು. "ಇವನ ಅಪ್ಪ, ನಮ್ಮಣ್ಣ, ಕಲ್ಲಿನ ಲಾರಿ ತಗೊಂಡು ಹೋಗಿದ್ದ. ಘಾಟಿನಾಗ ಲಾರಿ ಉಳ್ಳಿ ಬಿದ್ದಿತ್ತು. ಎಲ್ಲಿ ಅಂತ ಗೊತ್ತಾಗಾಕ ಎರಡು ದಿನ ಬೇಕಾತು. ಎರಡೂ ದಿನ ನಮ್ಮ ವೈನಿ, ಇವನ ಅವ್ವ, ಬಾಗಲದಾಗ ನಿಂತಿದ್ಲು. ನಾ ನೋಡೇನ್ರಿ. ನಿಮ್ಮ ಮಗಳನ್ನ ಹಂಗ ನಿಲ್ಲಸೂದಿಲ್ಲ."

ಇದು ನನಗ ಗೊತ್ತಿರಲಿಲ್ಲ. ಲಾರಿ ಉಳ್ಳಿ ಅಪ್ಪ ಸತ್ತ ಅನ್ನೂದಷ್ಟ ಗೊತ್ತಿತ್ತು. ಎರಡು ದಿನದ ಮಾತು ಮನ್ಯಾಗ ಯಾರೂ ಹೇಳಿರಲಿಲ್ಲ.

ಕಾಕಾ ಆಕಿನ್ನ ಕರದು, ಆಕಿ ಫೋನಿನಾಗ ನನ್ನ ಚುಕ್ಕಿ ಹಾಕಿಸಿ ಕೊಟ್ಟ. ಆಕಿ ಅಪ್ಪ ಎದ್ದು ಒಳಗ ಹೋದ. ಕೈಯಾಗ ಸಕ್ರಿ ಡಬ್ಬಿ ಹಿಡಕೊಂಡ ಬಂದ. ಬಾದಾಮಿಯವರಿಗೆ ಬರಬ್ಯಾಡ್ರಿ ಅಂತ ಫೋನೂ ಹೋತು. ಗೆದ್ದೆವ್ರಿ!

ಇಳಕಲ್ಲಿಗೆ ವಾಪಸ್ ಬರುವಾಗ ಕಾಕಾ ಟೆಂಪೊದಾಗ ನನ್ನ ಬಾಜೂಕ ಕುಂತಿದ್ದ. ಫೋನ್ ಕಿಸೆಯಿಂದ ತಗೀಲೇ ಇಲ್ಲ. ಊರು ದಾಟೂದ್ರಾಗ ನನ್ನ ಹೆಗಲ ಮ್ಯಾಲ ತಲಿ ಹಾಕಿ ನಿದ್ದಿ ಹೊಡದ. ನಾ ಸಾವಕಾಶ ಓಡಿಸಿದ್ನಿ.